ಶಿಕಾಮೋ ಮೊದಲು, ಮಿಕ್ಕಿದ್ದು ಆಮೇಲೆ

ಈದ್ ರಜೆಗೆ ಟಾಂಜಾನಿಯಾಕ್ಕೆ ಹೋಗುವುದೆಂದು ಗಟ್ಟಿಯಾದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಬುಧಾಬಿಗೆ ಬಂದು ಹನ್ನೊಂದು ವರ್ಷ. ಅಷ್ಟೂ ವರ್ಷ ರಜೆಯೆಂದರೆ ಮಂಗಳೂರು, ಮಂಗಳೂರೆಂದರೆ ಯಾರದೋ ಮದುವೆ, ಯಾರದೋ ಮನೆ ಒಕ್ಕಲು. ಈಗ ಆನೆ, ಜಿರಾಫೆ, ಸಿಂಹ! ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಏಳು ವರ್ಷದ ಮಗಳಿಗಿಂತ ನಾನೇ ಹೆಚ್ಚು ಕುಣಿದೆ. "ನೀನು ಸಿಂಹವನ್ನೇ ಹೆದರಿಸ್ತಿ ಮಾರಾಯ್ತಿ," ಎಂದರು, ಮುಸಫ್ಫಾದ ವರ್ಕ್‌ಶಾಪಿನಿಂದ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದ ಗಂಡ.

ನಾನು ಒಂದು ಕ್ಲಿನಿಕ್ಕಿನ ರಿಸೆಪ್ಶನಿಸ್ಟ್. ಪಕ್ಕದ ಕುರ್ಚಿಯ ಗೆಳತಿ ಟಾಂಜಾನಿಯಾದವಳೇ. ಊಟದ ಬಿಡುವಿನಲ್ಲಿ ಅವಳ ಪಾಠ ಶುರುವಾಯಿತು. ಹಳದಿ ಜ್ವರದ ಚುಚ್ಚುಮದ್ದು ಬೇಗ ತಗೋ, ಅಲ್ಲಿಂದ ಇಂಡಿಯಾಕ್ಕೆ ಹೋಗುವುದಾದರೆ ಅದರ ಕಾರ್ಡ್ ಕೇಳುತ್ತಾರೆ. ಕೊಡುವುದು, ತೆಗೆದುಕೊಳ್ಳುವುದು ಎಲ್ಲ ಬಲಗೈಯಲ್ಲಿ. ಕೇಳದೆ ಯಾರ ಫೋಟೊವನ್ನೂ ತೆಗೆಯಬೇಡ. ಪ್ಲಾಸ್ಟಿಕ್ ಚೀಲ ಅಲ್ಲಿ ನಿಷೇಧ. ಇದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಚಪ್ಪಲಿಗೊಂದು, ಸೋಪಿಗೊಂದು, ಕವರಿನೊಳಗೆ ಇನ್ನೊಂದು ಕವರ್ ಹಾಕದೆ ಗಲ್ಫಿನವರು ಪ್ಯಾಕ್ ಮಾಡುವುದಾದರೂ ಹೇಗೆ? ಅಂದು ಸಂಜೆಯೇ ಹಳೆಯ ಸೀರೆ ಹರಿದು ಚೀಲ ಹೊಲಿಯಲು ಕೂತೆ.

"ಎಲ್ಲಕ್ಕಿಂತ ಮುಖ್ಯ, ಹಿರಿಯರನ್ನು ಕಂಡರೆ ಮೊದಲು ಶಿಕಾಮೋ ಹೇಳು," ಎಂದಳು. ನಿಮ್ಮ ಕಾಲು ಹಿಡಿದೆ ಎಂದು ಅರ್ಥವಂತೆ. ಅವರು ಮರಹಬಾ ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ಮನೆ, ಮಕ್ಕಳು, ಮಳೆ ಎಲ್ಲ ವಿಚಾರಿಸಬೇಕು. ಬಂದ ಕೆಲಸದ ಮಾತು ಕೊನೆಗೆ.

"ಅಯ್ಯೋ, ಇದು ನಮ್ಮ ಬೆಸಾಂವ್!" ಎಂದೆ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಾವು ಮಂಗಳೂರಿನ ಕ್ರೈಸ್ತರು ಕೈ ಮುಗಿದು ಹಿರಿಯರಲ್ಲಿ ಆಶೀರ್ವಾದ ಕೇಳುವುದಿದೆಯಲ್ಲ, ಅದೇ. ನನಗೆ ಹೇಳಿಕೊಡಬೇಕೇ ಇದನ್ನು!

ಆಗ ಅವಳು ಮೆಲ್ಲಗೆ ಬಾಯಿಬಿಟ್ಟಳು. ಎರಡು ವರ್ಷದ ಹಿಂದೆ ತಾಯಿ ಬೇಡವೆಂದರೂ ಕೇಳದೆ, ಶಿಕಾಮೋ ಕೂಡ ಹೇಳದೆ ಇಲ್ಲಿಗೆ ವಿಮಾನ ಹತ್ತಿದ್ದಳು. ಅಂದಿನಿಂದ ತಾಯಿ ಮಾತು ಬಿಟ್ಟಿದ್ದಾರೆ. "ನೀನು ಅಮ್ಮನ ಮನೆಗೆ ಹೋಗಿ ಒಂದು ಚಾ ಕುಡಿ. ನನ್ನ ಬಗ್ಗೆ ಒಂದು ಮಾತು ಹಾಕು."

ಅದಕ್ಕೇನಂತೆ ಎಂದು ಹಿಗ್ಗಿ, ಮರುದಿನವೇ ನಮ್ಮ ಮನೆಯಿಂದ ಅವಳ ತಂಗಿಯ ಫೋನಿಗೆ ವಿಡಿಯೊ ಕಾಲ್ ಮಾಡಿದೆ. ಗೆಳತಿ ಕಾಣಿಸಿಕೊಳ್ಳಲು ಹೆದರಿ ಕರ್ಟನ್ ಹಿಂದೆ ನಿಂತಳು. ಪರದೆಯಲ್ಲಿ ಬಾಳೆಗಿಡ, ಅಂಗಳ, ಸ್ಟೂಲಿನ ಮೇಲೆ ಅಮ್ಮ. ನಾನೇನು ಮಾಡಿದೆ ಗೊತ್ತೇ? ದಿನವಿಡೀ ರೋಗಿಯ ಮುಖ ನೋಡುವ ಮೊದಲೇ ಐಡಿ ಕೇಳುವ ಬಾಯಿ ಇದು. "ಹಾಂ ಅಮ್ಮಾ, ಈದ್ ರಜೆಯ ಶನಿವಾರ ಬರ್ತೇವೆ. ಮೂರು ಜನ. ಪೇಟೆಯಿಂದ ಎಷ್ಟು ದೂರ? ಲೊಕೇಶನ್ ಕಳಿಸಿ. ಓಕೆ? ಖಲಾಸ್!"

ತಂಗಿ ನನ್ನ ಇಂಗ್ಲಿಷನ್ನು ಅವರ ಭಾಷೆಯಲ್ಲಿ ಹೇಳಿದಳು. ಅಮ್ಮ ಏನೋ ಗೊಣಗಿ ಎದ್ದು ಹೋದರು. ಕರೆ ಕಡಿದ ಮೇಲೆ ಗೆಳತಿ ಹೊರಬಂದಳು. "ಗಲ್ಫಿಗೆ ಹೋದವರೆಲ್ಲ ಹೀಗೇ ಆಗ್ತಾರೆ, ಬರುವುದು ಬೇಡ ಅಂದರು."

"ಮಮ್ಮಾ, ಯು ಡಿಡ್ನಾಟ್ ಈವನ್ ಸೇ ಹಲೋ," ಎಂದಳು ಮಗಳು. ನನ್ನ ತಲೆಗೆ ನಾನೇ ಬಡಿದುಕೊಂಡೆ. ಪ್ರಯಾಣದ ಪಾಠವನ್ನೆಲ್ಲ ಗಿಳಿಯಂತೆ ಒಪ್ಪಿಸಿದವಳು, ಬೇಕಾದ ಹೊತ್ತಿಗೆ ಅದೊಂದನ್ನೇ ನುಂಗಿಬಿಟ್ಟಿದ್ದೆ. ಇನ್ನೊಬ್ಬಳ ಅಮ್ಮನ ವಿಷಯದಲ್ಲಿ! ಆ ರಾತ್ರಿ ಅನ್ನ ಸೇರಲಿಲ್ಲ.

ಭಾನುವಾರ ಚರ್ಚಿನಿಂದ ಬಂದವಳೇ ತಲೆಗೆ ವೇಲ್ ಹೊದ್ದು ಮತ್ತೆ ಫೋನ್ ಹಚ್ಚಿದೆ. ಗೆಳತಿ ಮತ್ತೆ ಕರ್ಟನ್ ಹಿಂದೆ. ತಂಗಿ ಕಾಡಿಬೇಡಿ ಅಮ್ಮನನ್ನು ಕೂರಿಸಿದ್ದಳು. ಕೈ ಮುಗಿದು ತಲೆ ಬಾಗಿಸಿ, "ಶಿಕಾಮೋ," ಎಂದೆ.

ಅಮ್ಮ ನನ್ನನ್ನೇ ದಿಟ್ಟಿಸಿದರು. "ಮರಹಬಾ."

ಅಬ್ಬಾ! ಮತ್ತೆ ನಾನು ಬಿಡುತ್ತೇನೆಯೇ? ಮಳೆ ಬಂತೇ, ಮೊಣಕಾಲು ನೋವು ಹೇಗುಂಟು, ಬಾಳೆ ಗೊನೆ ಹಾಕಿತೇ, ಕೋಳಿ ಎಷ್ಟು ಮೊಟ್ಟೆ ಇಡುತ್ತದೆ? ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಗಂಡ ಕೋಳಿಯ ಮಾತಿಗೆ ಕಿಸಕ್ಕನೆ ನಕ್ಕರು. ಅಮ್ಮನೂ ತಂಗಿಯ ಮೂಲಕ ಕೇಳಿದರು: ನಿನ್ನ ತಾಯಿ ಇದ್ದಾರಾ, ಅವರಿಗೆ ಫೋನ್ ಮಾಡ್ತೀಯಾ? ಅರ್ಧ ಗಂಟೆ ಕಳೆದದ್ದೇ ತಿಳಿಯಲಿಲ್ಲ. ಕೊನೆಗೆ, "ಇದನ್ನೆಲ್ಲ ಯಾರು ಕಲಿಸಿದ್ದು?" ಎಂದರು.

"ನಿಮ್ಮ ಮಗಳು. ಇಲ್ಲೇ ಕರ್ಟನ್ ಹಿಂದೆ ನಿಂತಿದ್ದಾಳೆ." ಯೋಚಿಸುವ ಮೊದಲೇ ಬಾಯಿಂದ ಜಾರಿತು.

ಗೆಳತಿ ಹೊರಬಂದು ನೆಲದ ಮೇಲೆ ಮೊಣಕಾಲೂರಿದಳು. "ಶಿಕಾಮೋ." ಆ ಕಡೆ ಕೋಳಿಯ ಸದ್ದು ಮಾತ್ರ. ಮತ್ತೊಮ್ಮೆ ಹೇಳಿದಳು. ನಾನು ಮಗಳ ಕೈ ಹಿಡಿದುಕೊಂಡೆ.

ಅಮ್ಮ ತಂಗಿಯ ಕೈಯಿಂದ ಫೋನ್ ಕಿತ್ತುಕೊಂಡು ಮುಖದ ಹತ್ತಿರಕ್ಕೆ ತಂದರು. ನಮಗೆ ಹಣೆ ಮಾತ್ರ ಕಾಣುತ್ತಿತ್ತು.

"ಮರಹಬಾ," ಎಂದರು. ತಡೆದು ಇನ್ನೇನೋ ಹೇಳಿದರು. ಗೆಳತಿ ಮುಖ ಮುಚ್ಚಿಕೊಂಡು ಅಳುತ್ತಲೇ ನಮಗೆ ತಿಳಿಸಿದಳು: "ಶನಿವಾರ ನಾಲ್ಕು ಜನಕ್ಕೆ ಅಡುಗೆ ಮಾಡ್ತಾರಂತೆ."

ನಾವು ಮೂರೇ ಜನ ಎಂದು ತಿದ್ದಲು ಬಾಯಿ ತೆರೆದೆ. ಗಂಡ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ನನ್ನ ರಟ್ಟೆ ಚಿವುಟಿದರು.