ಮೊದಲ ಗಿರಾಕಿಯ ರಿಯಾಯಿತಿ

ಗ್ಯಾರೇಜುಗಳ ಜೊತೆ ಮಾತಾಡಿ ಕಾರು ರಿಪೇರಿಗೆ ರಿಯಾಯಿತಿ ಕೊಡಿಸುವ ವ್ಯವಹಾರವನ್ನು ಶೃಂಗೇರಿಯಲ್ಲಿ ಶುರುಮಾಡಿದಾಗ, ನನ್ನ ಹತ್ತಿರ ಮೊದಲು ಬಂದವರು ಕಿಗ್ಗದ ಸುಬ್ಬಣ್ಣ.

"ರಿಯಾಯಿತಿ ಬೇಡ ಮಾರಾಯ್ರೆ. ಗಾಡಿಯನ್ನ ರಮೇಶನ ಗ್ಯಾರೇಜಿಗೆ ನೀವೇ ಬಿಟ್ಟು ಬನ್ನಿ, ಸಾಕು" ಎಂದರು.

ಹಿಂದೊಮ್ಮೆ ಅವರು ಕಾರನ್ನು ಶಿವಮೊಗ್ಗದಲ್ಲಿ ರಿಪೇರಿ ಮಾಡಿಸಿದ್ದಕ್ಕೆ, ಬಾಲ್ಯದ ಗೆಳೆಯ ರಮೇಶ ಮಾತು ಬಿಟ್ಟಿದ್ದನಂತೆ. ಆದರೆ ಗಾಡಿಯ ತೊಂದರೆಯನ್ನು ಯಜಮಾನರೇ ಮೆಕ್ಯಾನಿಕ್‌ಗೆ ಹೇಳಬೇಕೆಂಬುದು ನನ್ನ ನಿಯಮ. ಅವರನ್ನು ಕರೆದುಕೊಂಡೇ ಹೋದೆ.

ರಮೇಶ ತಲೆ ಎತ್ತಲಿಲ್ಲ. "ಎಂತ, ಶಿವಮೊಗ್ಗದ ಗ್ಯಾರೇಜ್ ಮುಚ್ಚಿತಾ?"

"ಕ್ಲಚ್ ಹಿಡೀತಿಲ್ಲ. ನೀನಿಲ್ದೆ ಆಗಲ್ಲ ಮಾರಾಯ" ಎಂದರು ಸುಬ್ಬಣ್ಣ, ಸಣ್ಣ ದನಿಯಲ್ಲಿ.

ರಮೇಶ ಕೈ ಒರೆಸಿಕೊಂಡು, "ಕೀ ಕೊಡು" ಎಂದ.

ಸಂಜೆ ನಾನು ಬಿಲ್ ಕೇಳಿದರೆ ನನ್ನನ್ನೇ ಗದರಿದ: "ಇವನ ಹತ್ರ ದುಡ್ಡು ತಗೊಳ್ಳೋದಾ?"

ನನ್ನ ಕಮಿಷನ್ ಬಿಲ್ಲಿನ ಶೇಕಡಾ ಐದು. ಸೊನ್ನೆಯ ಶೇಕಡಾ ಐದು ಎಷ್ಟಾಗುತ್ತದೆಂದು ಶಾಲೆಯಲ್ಲಿ ಚೆನ್ನಾಗಿಯೇ ಕಲಿಸಿದ್ದರು.