ಚೀಟಿಗೆ ಮೊದಲು ಕಣ್ಣು ನೋಡುವ ಅಚ್ಚಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಎರಡನೇ ಮಹಡಿಯ ವಾರ್ಡಿನಲ್ಲಿ ಅರ್ಧ ದೀಪಗಳು ಮಾತ್ರ ಉರಿಯುತ್ತಿವೆ. ಆಗಷ್ಟೇ ಒರೆಸಿದ ನೆಲದ ಮೇಲೆ ಒಬ್ಬ ಹೆಂಗಸು ಸದ್ದು ಮಾಡದೆ ಮಂಚದಿಂದ ಮಂಚಕ್ಕೆ ನಡೆಯುತ್ತಾರೆ. ಕೈಯಲ್ಲಿ ಸೂಜಿಯಿಲ್ಲ, ಸ್ಟೆತಸ್ಕೋಪಿಲ್ಲ. ಒಂದು ಪುಟ್ಟ ನೋಟ್‌ಬುಕ್ಕು, ಕಿವಿಯ ಹಿಂದೊಂದು ಪೆನ್ಸಿಲ್ಲು. ಹನ್ನೊಂದನೇ ಮಂಚದ ಅಜ್ಜಿಯ ಪಕ್ಕ ಕೂತು ಕನ್ನಡಕ ಎಲ್ಲಿ ಎಂದು ವಿಚಾರಿಸುತ್ತಾರೆ. ಅದು ಮುರಿದು ಎರಡು ವರ್ಷವಾಯಿತಂತೆ. ಮನೆಯಲ್ಲಿ ಮಾತ್ರೆ ತೆಗೆದುಕೊಡುವವರು ಯಾರು? ಸೊಸೆ. ಆದರೆ ಸೊಸೆ ಏಳಕ್ಕೆಲ್ಲ ಕೆಲಸಕ್ಕೆ ಹೊರಟುಬಿಡುತ್ತಾಳೆ. ನೋಟ್‌ಬುಕ್ಕಿನಲ್ಲಿ ಹನ್ನೊಂದರ ಎದುರು ಎರಡು ಪದ ಬೀಳುತ್ತವೆ: ದೊಡ್ಡಕ್ಷರ, ಚಿತ್ರ.

ಇವರನ್ನು ಇಡೀ ಆಸ್ಪತ್ರೆ ಕರೆಯುವುದು ಅಚ್ಚಕ್ಕ ಎಂದು. ಅಚ್ಚು ಹಾಕುವ ಅಕ್ಕ. ಹಾಜರಿ ಪುಸ್ತಕದಲ್ಲಿರುವ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು ಎಂದು ಅವರೇ ನಗುತ್ತಾರೆ. ಮನೆಗೆ ಹೊರಡುವ ರೋಗಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಎಷ್ಟು ದಿನ ಎಂದು ತಿಳಿಸುವ ಬಿಡುಗಡೆ ಚೀಟಿ ಹೊರಬೀಳುವುದು ಇವರ ಕೋಣೆಯಿಂದ. ಕೋಣೆಯೆಂದರೆ ಮೆಟ್ಟಿಲ ಕೆಳಗಿನ ಗೂಡು. ಒಂದು ಕಂಪ್ಯೂಟರು, ಮುನಿಸಿಕೊಳ್ಳುವುದರಲ್ಲಿ ಎತ್ತಿದ ಕೈಯಾದ ಒಂದು ಪ್ರಿಂಟರು, ತಲೆ ಬಗ್ಗಿಸಿ ಏಳಬೇಕಾದ ಸೂರು. ನಾಲ್ಕು ವಾರ್ಡುಗಳಿಂದ ದಿನಕ್ಕೆ ನಲವತ್ತರ ಆಸುಪಾಸು ಚೀಟಿ, ಹತ್ತೂವರೆಯೊಳಗೆ ಎಲ್ಲವೂ ಸಿದ್ಧವಿರಬೇಕು.

ಡಾಕ್ಟರು ಬರೆದದ್ದನ್ನು ಚೀಟಿಯಾಗಿ ಹೊರತೆಗೆಯುವಾಗ ಪರದೆಯ ಮೇಲೆ ಒಂಬತ್ತು ಸಿದ್ಧ ವಿನ್ಯಾಸಗಳು ಸಾಲಾಗಿ ನಿಲ್ಲುತ್ತವೆ. ಒತ್ತೊತ್ತಾದದ್ದು, ಅಗಲವಾದದ್ದು, ದೊಡ್ಡಕ್ಷರದ್ದು, ಹೊತ್ತಿಗೊಂದು ಸೂರ್ಯ ಚಂದ್ರರ ಚಿತ್ರವಿರುವುದು, ಹೀಗೆ. ಮೊದಲನೆಯದಕ್ಕೆ ಗುರುತು ತಾನಾಗಿಯೇ ಬಿದ್ದಿರುತ್ತದೆ. ಒಮ್ಮೆ ಒತ್ತಿದರೆ ಮುಗಿಯಿತು. ಹದಿನೈದು ವರ್ಷ ಅಚ್ಚಕ್ಕನೂ ಹಾಗೆಯೇ ಒತ್ತಿಕೊಂಡು ಬಂದವರು. ಕೆಳಗೆ ಇನ್ನೂ ಎಂಟು ಇವೆಯೆಂದು ನೋಡಿದವರೇ ಇರಲಿಲ್ಲ.

ಏಳು ವರ್ಷದ ಹಿಂದೆ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇಲ್ಲಿಂದ ಬಿಡುಗಡೆಯಾಗಿ ಹೋದರು. ಮೂರನೇ ದಿನ ಸ್ಟ್ರೆಚರ್ ಮೇಲೆ ವಾಪಸು ಬಂದರು. ರಕ್ತದೊತ್ತಡದ ಮಾತ್ರೆಯನ್ನು ದಿನಕ್ಕೊಂದರ ಬದಲು ಮೂರು ಹೊತ್ತೂ ನುಂಗಿ ಬಚ್ಚಲಲ್ಲಿ ಬಿದ್ದಿದ್ದರು. ಅವರ ಹೆಂಡತಿ ಚೀಟಿಯನ್ನು ಮಡಿಕೆ ಬಿಚ್ಚಿ, ಇದರಲ್ಲಿ ಇದ್ದ ಹಾಗೇ ಕೊಟ್ಟೆನೆಂದು ಅಳುತ್ತ ತೋರಿಸಿದರು. ಅಚ್ಚಕ್ಕ ನೋಡಿದರು. ಮಾತ್ರೆಯ ಹೆಸರು ಮೊದಲ ಹಾಳೆಯ ತಳದಲ್ಲಿ ಉಳಿದುಕೊಂಡಿತ್ತು, ಅದರ ಹೊತ್ತು ಎರಡನೇ ಹಾಳೆಗೆ ಜಾರಿತ್ತು. ಇರುವೆ ಸಾಲಿನಂಥ ಅಕ್ಷರಗಳ ನಡುವೆ ಆಕೆ ಬೇರೊಂದು ಮಾತ್ರೆಯ ಹೊತ್ತನ್ನು ಇದಕ್ಕೆ ಓದಿಕೊಂಡಿದ್ದರು.

ಪೋಸ್ಟ್‌ಮ್ಯಾನ್ ವಾರದಲ್ಲಿ ಚೇತರಿಸಿಕೊಂಡರು. ವಿಚಾರಣೆಯಲ್ಲಿ ಯಾರದೂ ತಪ್ಪಿಲ್ಲವೆಂದಾಯಿತು. “ಒಂದಕ್ಷರಾನೂ ತಪ್ಪಿರಲಿಲ್ಲ ನೋಡಿ. ಅದೇ ನನ್ನನ್ನ ಕೊರೆದಿದ್ದು,” ಎನ್ನುತ್ತಾರೆ ಅಚ್ಚಕ್ಕ. “ಎಲ್ಲಾ ಸರಿ ಇತ್ತು, ಆದ್ರೂ ಮನುಷ್ಯ ಬಿದ್ದ.”

ಆ ಚೀಟಿ ನೋಡಿದ ದಿನ ಸಂಜೆ ಮನೆಯಲ್ಲಿ ಅಚ್ಚಕ್ಕನಿಗೆ ಊಟ ಸೇರಲಿಲ್ಲ. ಟೈಲರ್ ಆದ ಗಂಡ ಕಾರಣ ಕೇಳಿದರು, ಪೂರ್ತಿ ಕೇಳಿಸಿಕೊಂಡು, ಹೊಲಿಗೆಯಿಂದ ತಲೆಯೆತ್ತದೆ ಅಂದರು: “ಅಳತೆ ತಗೊಳ್ದೆ ಹೊಲಿದಿದ್ದೀಯ ಕಣೇ. ಬಟ್ಟೆದೇನು ತಪ್ಪು?”

ಮರುದಿನದಿಂದ ಊಟದ ಬಿಡುವಿನಲ್ಲಿ ಅಚ್ಚಕ್ಕ ಒಂಬತ್ತೂ ವಿನ್ಯಾಸಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಒಂದು ಮಾತ್ರೆಯ ವಿವರ ಹಾಳೆ ದಾಟದಂತೆ ಹಿಡಿದಿಡುವುದು ಯಾವುದು, ಕಣ್ಣಿಗೆ ಹಿತವಾದದ್ದು ಯಾವುದು, ಬೇರೆ ಡಾಕ್ಟರಿಗೆ ತೋರಿಸಲು ಒಂದೇ ಹಾಳೆಯಲ್ಲಿ ಮುಗಿಯುವುದು ಯಾವುದು, ಎಲ್ಲವನ್ನೂ ಗುರುತು ಹಾಕಿಕೊಂಡರು. ರೋಗಿಯನ್ನು ನೋಡದೆ ಆರಿಸುವುದು ಹೇಗೆ? ಹಾಗಾಗಿ ಕೆಲಸದ ವೇಳೆಗೆ ಎರಡು ಗಂಟೆ ಮೊದಲೇ ಬಂದು ವಾರ್ಡು ಸುತ್ತತೊಡಗಿದರು.

ಎರಡು ತಿಂಗಳಿಗೆ ಮೇಲಧಿಕಾರಿಯಿಂದ ಕರೆ ಬಂತು. ಒಬ್ಬೊಬ್ಬರಿಗೆ ಒಂದೊಂದು ಬಗೆಯ ಚೀಟಿ ಕೊಟ್ಟರೆ ಶಿಸ್ತು ಎಲ್ಲಿ ಉಳಿಯಿತು, ಹಾಳೆಯೂ ಜಾಸ್ತಿ ಖರ್ಚಾಗುತ್ತಿದೆ, ಇನ್ನು ಮುಂದೆ ಮೊದಲನೆಯದೊಂದೇ ಸಾಕು ಎಂಬುದು ಅವರ ವಾದ. ಅಚ್ಚಕ್ಕ ಒಬ್ಬರದೇ ಚೀಟಿಯನ್ನು ಎರಡು ಬಗೆಯಲ್ಲಿ ಅಚ್ಚು ಹಾಕಿ ಮೇಜಿನ ಮೇಲಿಟ್ಟರು.

“ಸಾರ್, ಕನ್ನಡಕ ತೆಗೆದು ಒಂದ್ಸಲ ಓದಿ,” ಎಂದರು.

ಅಧಿಕಾರಿ ತೆಗೆದರು. ಮೊದಲನೆಯದನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಕೆಳಗಿಟ್ಟರು. ಎರಡನೆಯದನ್ನು ಸರಾಗವಾಗಿ ಕೊನೆಯವರೆಗೆ ಓದಿದರು. ಜೊತೆಗಿದ್ದ ಹಿರಿಯ ನರ್ಸಮ್ಮ, ಮಾತ್ರೆ ವಿಷಯ ಕೇಳಲು ಮನೆಗಳಿಂದ ವಾರ್ಡಿಗೆ ಬರುತ್ತಿದ್ದ ಫೋನು ಈಗ ಅರ್ಧಕ್ಕರ್ಧ ಇಳಿದಿದೆಯೆಂದು ಸೇರಿಸಿದರು. ಆದೇಶ ಹೊರಡಲಿಲ್ಲ. ಮುಂದಿನ ತಿಂಗಳಿಂದ ಎರಡು ಬಂಡಲ್ ಹಾಳೆ ಹೆಚ್ಚು ಬಂತು.

ಹೊಗಳಿಕೆಯೇನೂ ಬರಲಿಲ್ಲ, ಅದಕ್ಕಾಗಿ ಅವರು ಕಾದೂ ಇಲ್ಲ. ನಿವೃತ್ತಿಗೆ ಇನ್ನು ಮೂರು ವರ್ಷ. ರಜೆ ಹಾಕಿದ ದಿನ ಬೇರೆಯವರು ಕೂತು ಮೊದಲನೆಯದನ್ನೇ ಒತ್ತಿಬಿಡುತ್ತಾರೆ ಎನ್ನುವುದೊಂದೇ ಕೊರಗು. ಪರದೆ ತಾನಾಗಿ ಯಾವುದಕ್ಕೂ ಗುರುತು ಹಾಕದೆ, ಆರಿಸುವವರೆಗೂ ಕಾಯುವಂತೆ ಮಾಡಿಕೊಡಿ ಎಂದು ಕಂಪ್ಯೂಟರಿನವರಿಗೆ ಬರೆದುಕೊಟ್ಟಿದ್ದಾರೆ. ನೋಡೋಣ ಅಂದಿದ್ದಾರಂತೆ.

ಹೋದ ತಿಂಗಳು ನಾದಿನಿಯ ಜೊತೆ ಗುರುತಿಲ್ಲದ ಒಂದು ಮನೆಗೆ ಹೋಗಬೇಕಾಯಿತು. ಅಡುಗೆಮನೆಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ದೊಡ್ಡಕ್ಷರ, ಸೂರ್ಯ, ಚಂದ್ರ, ಎಣ್ಣೆ ಕಲೆ. ಪ್ರತಿ ಹೊತ್ತಿನ ಪಕ್ಕ ಪೆನ್ನಿನ ಗೀಟು. ಒಂದು ದಿನವೂ ತಪ್ಪಿರಲಿಲ್ಲ. ನಾನೇ ಹಾಕಿದ್ದೆಂದು ಹೇಳಬಹುದಿತ್ತಲ್ಲ ಎಂದರೆ ಅಚ್ಚಕ್ಕ ಸೆರಗಿನ ತುದಿಯಿಂದ ಬೆರಳಿನ ಮಸಿ ಒರೆಸಿಕೊಳ್ಳುತ್ತಾರೆ.

“ಹೇಳೋದೇನಿದೆ? ಗೀಟೆಲ್ಲ ಎಣಿಸಿದೆ. ಅವರು ಕೊಟ್ಟ ಟೀ ಕುಡಿದೆ. ಹೊಟ್ಟೆ ತುಂಬಿತು, ಎದ್ದು ಬಂದೆ.”