ನಾಲ್ಕು ಗಂಟೆಯ ಮೇಲೆ ನೀರಿಲ್ಲ

ಹೊಸನಗರದ ವೃದ್ಧಾಶ್ರಮವೊಂದರಲ್ಲಿ ತನುಜಾ ಆಯಾ ಆಗಿ ಸೇರಿ ಆರು ವರ್ಷವಾಗಿತ್ತು. ಸಂಜೆ ನಾಲ್ಕರ ಕಾಫಿ ಮುಗಿದ ಮೇಲೆ ಯಾರಿಗೂ ನೀರು ಕೊಡಬಾರದೆಂಬುದು ಮ್ಯಾನೇಜರ್ ಗಿರಿಧರನ ಕಟ್ಟಪ್ಪಣೆ. ಕುಡಿದರೆ ಹಾಸಿಗೆ ಒದ್ದೆ, ಒಗೆಯುವವರು ಯಾರು? ಒಗೆಯುವವಳು ತಾನೇ ಆಗಿದ್ದರಿಂದ ತನುಜಾಳಿಗೂ ಅದು ಸರಿಯೆಂದೇ ತೋರಿತ್ತು.

ಏಪ್ರಿಲ್ ಸೆಕೆಯಲ್ಲಿ ವಾಗ್ದೇವಿ ಅಜ್ಜಿಯ ಮಾತು ಹಳಿ ತಪ್ಪತೊಡಗಿತು. ಸಾಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು, ಎಂಬತ್ತೊಂದರಲ್ಲೂ ಪೇಪರಿನ ಪದಬಂಧ ಬಿಡಿಸುತ್ತಿದ್ದವರು, ಒಂದು ಬೆಳಿಗ್ಗೆ ತನುಜಾಳನ್ನೇ "ನೀ ಯಾರೇ?" ಎಂದು ಕೇಳಿದರು. ಮಧ್ಯಾಹ್ನ, ಎಂದೋ ತೀರಿಕೊಂಡ ಅಕ್ಕನ ಜತೆ ಮಾತಾಡುತ್ತಿದ್ದರು.

"ಮರೆವಿನ ಕಾಯಿಲೆ. ಮಗಳಿಗೆ ಫೋನ್ ಮಾಡಿ ಹೇಳಿದೀನಿ ಬಿಡು," ಎಂದ ಗಿರಿಧರ.

"ಮೊನ್ನೆ ತನಕ ನೆಟ್ಟಗಿದ್ರು ಸಾರ್. ಎರಡೇ ದಿನದಲ್ಲಿ ಮರೆವು ಬರ್ತದಾ?"

ಅವನು ಮೊಬೈಲು ಹಿಡಿದು ಹೊರಗೆ ಹೋದ. ಅಜ್ಜಿಯ ನಾಲಿಗೆ ಒಣಗಿ ಸಿಪ್ಪೆಯಂತಾಗಿತ್ತು. ತನುಜಾ ಆಟೋ ಕರೆಸಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರ್ ಯಶಸ್ವಿನಿ ಪರೀಕ್ಷೆ ಮುಗಿಸಿ, "ಇದು ಮರೆವಲ್ಲ. ಮೈಯಲ್ಲಿ ನೀರೇ ಇಲ್ಲ, ಮೂತ್ರದಲ್ಲಿ ಸೋಂಕೂ ಇದೆ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದೇ ಕಮ್ಮಿ. ಕೇಳ್ಲಿ ಅಂತ ಕಾಯ್ಬಾರದು. ನೀವು ದಿನಕ್ಕೆ ಎಷ್ಟು ಕುಡಿಸ್ತೀರಿ?" ಎಂದರು.

ತನುಜಾಳಿಗೆ ಹಳೆಯದೊಂದು ನೆನಪಾಯಿತು. ಹೋದ ಬೇಸಿಗೆಯಲ್ಲಿ ಆಶ್ರಮದಲ್ಲೇ ಇದ್ದ ಮಂಜುನಾಥಪ್ಪನವರೂ ಹೀಗೇ ತೊದಲಿ ನಾಲ್ಕೇ ದಿನಕ್ಕೆ ತೀರಿಕೊಂಡಿದ್ದರು. ವಯಸ್ಸಾಗಿತ್ತು ಎಂದು ಎಲ್ಲರೂ ಸುಮ್ಮನಾಗಿದ್ದರು. ಒಂದು ಸಂಜೆ ಅವರು ಚಾಚಿದ ಕೈಗೆ ಸಿಗದಂತೆ ಚೊಂಬು ತೆಗೆದಿಟ್ಟು "ಬೆಳಿಗ್ಗೆ ಕುಡೀರಂತೆ" ಎಂದವಳು ತಾನೇ. ತನುಜಾಳಿಗೆ ಸಿಟ್ಟು ಉಕ್ಕಿತು. ಅರ್ಧ ಗಿರಿಧರನ ಮೇಲೆ, ಅರ್ಧ ತನ್ನ ಮೇಲೆ.

ಡ್ರಿಪ್ಪು, ಔಷಧಿ ಹಿಡಿದು ಅಜ್ಜಿ ಚೇತರಿಸಿಕೊಂಡರು. ಬೆಳಿಗ್ಗೆ ಕೊಟ್ಟ ನೀರನ್ನೂ ಯಾಕೆ ಕುಡಿಯದೆ ಬಿಡುತ್ತಿದ್ದಿರಿ ಎಂದು ತನುಜಾ ಕೇಳಿದಳು.

"ಎತ್ತಿ ಕುಡ್ದೇ ರೂಢಿ ಯಂಗೆ. ಈಗ ಕೈ ನಡುಗ್ತು, ಸೀರೆ ಮೇಲೆಲ್ಲ ಚೆಲ್ತು. ಎಲ್ಲರೆದ್ರಿಗೆ ನಾಚ್ಕೆ ಆಗ್ತು," ಎಂದರು ಅಜ್ಜಿ.

ಆರು ವರ್ಷದಲ್ಲಿ ಇದನ್ನು ಒಬ್ಬರೂ ಕೇಳಿರಲಿಲ್ಲ.

ಮುಂದಿನ ಭಾನುವಾರ ಆಶ್ರಮದಲ್ಲಿ ವೃದ್ಧರ ಮನೆಯವರ ಸಭೆ. ಗಿರಿಧರ ಹೊಸ ಟೀವಿಯ ವಿಷಯ ಹೇಳುತ್ತಿದ್ದಾಗ ತನುಜಾ ಬಾಗಿಲಿನಿಂದ ಮುಂದೆ ಬಂದಳು. "ಟೀವಿ ಇರ್ಲಿ. ಇಲ್ಲಿ ನಾಲ್ಕು ಗಂಟೆ ಮೇಲೆ ಯಾರಿಗೂ ನೀರು ಕೊಡಲ್ಲ. ಹಾಸಿಗೆ ಒದ್ದೆಯಾಗ್ತದೆ ಅಂತ. ದನಕ್ಕಾದ್ರೂ ಬಾನಿ ತುಂಬ ನೀರಿಡ್ತೀವಲ್ಲ!"

"ಕೆಲ್ಸ ಬೇಡ್ವಾ ನಿಂಗೆ?" ಗಿರಿಧರ ಗದರಿದ.

"ಬೇಕು ಸಾರ್. ನೀರು ಕೊಡೋ ಕೆಲ್ಸ ಬೇಕು."

ಅಜ್ಜಿಯ ಮಗಳು ಶ್ರೀಗೌರಿ ಎದ್ದು ನಿಂತರು. "ಅಮ್ಮಂಗೆ ಮರೆವು ಅಂತ ಫೋನ್ ಮಾಡಿದ್ರಲ್ಲ, ನೀರೇ ಕೊಟ್ಟಿಲ್ಲ ಅಂತ ಯಾಕೆ ಹೇಳ್ಲಿಲ್ಲ?" ಉಳಿದವರೂ ದನಿ ಸೇರಿಸಿದ ಮೇಲೆ ಅಪ್ಪಣೆ ಅಂದೇ ರದ್ದಾಯಿತು, ರಾತ್ರಿ ಪಾಳಿಗೆ ಇನ್ನೊಬ್ಬ ಆಯಾ ಬಂದಳು. ಅಜ್ಜಿಗೆ ಅವರದೇ ಹೆಸರು ಕೊರೆದ, ಹಿಡಿಯಿರುವ ಲೋಟ ಬಂತು. ಬೇರೆ ಯಾರ ಎಂಜಲೂ ತಾಗದ ಲೋಟವಾದ್ದರಿಂದ ಕಚ್ಚಿ ಕುಡಿಯಲು ಸಂಕೋಚವಿರಲಿಲ್ಲ. ತನುಜಾ ಎರಡು ಗಂಟೆಗೊಮ್ಮೆ ನೀರೋ ಮಜ್ಜಿಗೆಯೋ ಹಿಡಿದು ಎಲ್ಲರ ಪಕ್ಕ ಕೂತು ಕುಡಿಸತೊಡಗಿದಳು. ತಿಂಗಳು ಕಳೆಯುವಷ್ಟರಲ್ಲಿ ಗಿರಿಧರ ಇದನ್ನು ತನ್ನದೇ ಏರ್ಪಾಡೆಂದು ಬಂದವರಿಗೆ ವರ್ಣಿಸುತ್ತಿದ್ದ.

ಅದನ್ನು ಕೇಳಿ ಅವಳಿಗೆ ಮೈಯುರಿಯಿತು. ರಜೆಯ ದಿನ ಬಸ್ಸು ಹತ್ತಿ ಮಂಜುನಾಥಪ್ಪನವರ ಮಗಳು ಕಾವ್ಯಾಳ ಮನೆಗೆ ಹೋದಳು. ತಾನು ಚೊಂಬು ತೆಗೆದಿಟ್ಟದ್ದನ್ನೂ ಬಿಡದೆ ಎಲ್ಲ ಹೇಳಿದಳು. ಕಾವ್ಯಾ ಬಹಳ ಹೊತ್ತು ಅತ್ತಳು. ಆಮೇಲೆ, "ಇಷ್ಟೂ ಬರೆದು ಕೊಡ್ತೀರಾ? ನಾನು ದೂರು ಕೊಡ್ತೀನಿ," ಎಂದಳು.

ತನುಜಾ ಜಗಲಿಯಲ್ಲೇ ಕೂತು ಎರಡು ಹಾಳೆ ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.